ಮನೆಮಂದಿಯ ಬಂಡಿ

ಸಿಂಗಾಪುರವೆಂದೊಡನೆ ಕೇಳುವವರ ಮನಸ್ಸು ಸಮುದ್ರವನ್ನು ದಾಟಿ ಹೋಗುವುದು ಸಹಜ. ನಾನು ಹೇಳಹೊರಟಿರುವುದು ಆ ಸಿಂಗಾಪುರದ ಮಾತನ್ನಲ್ಲ. ಬೆಂಗಳೂರಿನ ಉತ್ತರಕ್ಕೆ, ಯಲಹಂಕಕ್ಕೂ ಜಾಲಹಳ್ಳಿಗೂ ನಡುವೆ, ಒಂದು ಕೆರೆಯನ್ನು ಮಗ್ಗುಲಲ್ಲಿಟ್ಟುಕೊಂಡು ಬಾಳಿದ ಹಳ್ಳಿಯೊಂದಿದೆ. ಪಟ್ಟಣವು ಬೆಳೆದು ಬಂದು ಅದನ್ನು ತನ್ನ ತೆಕ್ಕೆಗೆ ತೆಗೆದುಕೊಂಡಿತು. ಆ ಹಳ್ಳಿಯ ಹೆಸರೂ ಸಿಂಗಾಪುರವೇ. ಈ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಬಹುಕಾಲದಿಂದ ಕನ್ನಡ ಪಾಠ ಹೇಳುತ್ತಿದ್ದೇನೆ.

ಹೋದ ಬೇಸಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಊರಲ್ಲಿ ಅವನದೊಂದು ದಿನಸಿ ಅಂಗಡಿ ಇದೆ. ತಂದೆ, ತಾಯಿ, ಹೆಂಡತಿ, ಎರಡು ಮಕ್ಕಳು, ಮದುವೆಯಾಗದ ಒಬ್ಬ ತಂಗಿ, ಅವನು: ಒಟ್ಟು ಏಳು ಜನ. ಕುಶಲ ಪ್ರಶ್ನೆ ಮುಗಿದ ಮೇಲೆ ಅವನು ಕೇಳಿದ: “ಸಾರ್, ಒಂದು ಗಾಡಿ ತಗೊಳ್ಳೋಣ ಅಂತ ಇದೀನಿ. ಐದು ಜನರ ಕಾರು ತಂದರೆ ಮನೆಯಲ್ಲಿ ಯಾರಿಬ್ಬರನ್ನ ಬಿಟ್ಟು ಹೋಗಲಿ, ನೀವೇ ಹೇಳಿ.” ಹಳೆಯ ವ್ಯಾನೊಂದು ಅಗ್ಗಕ್ಕೆ ಸಿಕ್ಕುತ್ತಿದೆಯೆಂದೂ, ಹೊಸದಾದರೆ ಸಾಲ ಮಾಡಬೇಕಾಗುತ್ತದೆಯೆಂದೂ ಅವನು ಸೇರಿಸಿದ. ವ್ಯಾಕರಣದಲ್ಲಿ ಸಂದೇಹ ಬಂದರೆ ನಾನು ತಕ್ಕಮಟ್ಟಿಗೆ ಉತ್ತರ ಹೇಳಬಲ್ಲೆ. ಮೋಟಾರಿನ ವಿಷಯದಲ್ಲಿ ನನ್ನ ಪಾಂಡಿತ್ಯ ಅಷ್ಟಕ್ಕಷ್ಟೆ. “ಎರಡು ವಾರ ಬಿಟ್ಟು ಬಾಪ್ಪ” ಎಂದು ಕಳುಹಿಸಿದೆ. ಆ ಎರಡು ವಾರದಲ್ಲಿ ಓದಿ, ಕೇಳಿ, ನೆನೆದು ತಿಳಿದುದನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯಲ್ಲಿಯೂ ಈ ಪ್ರಶ್ನೆ ಎದ್ದಿರಬಹುದು.

ಮೊದಲು ನಮ್ಮ ಹಳೆಯ ಬಂಡಿಯನ್ನೇ ನೋಡೋಣ. ನನ್ನ ತಾತನ ಮನೆಯಲ್ಲಿ ಒಂದು ಕಮಾನು ಗಾಡಿಯಿತ್ತು. ಬಿದಿರು ತಟ್ಟಿಯ ಕಮಾನು. ಒಳಗೆ ಮೊಣಕಾಲೆತ್ತರ ಹುಲ್ಲು. ಹುಲ್ಲಿನ ಮೇಲೆ ಜಮಖಾನ. ಘಾಟಿ ಸುಬ್ರಹ್ಮಣ್ಯದ ಜಾತ್ರೆಗೆ ಹೊರಟರೆ ಅಜ್ಜಿಯಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಎಲ್ಲರೂ ಅದರಲ್ಲಿ ಹಿಡಿಸುತ್ತಿದ್ದರು. ಹಿಡಿಸದ ಗಂಡಸರು ಹಿಂದೆ ನಡೆಯುತ್ತಿದ್ದರು; ದಣಿದವರು ಸರದಿಯ ಮೇಲೆ ಹತ್ತುತ್ತಿದ್ದರು. ಗಾಡಿಯಲ್ಲಿ ಎಷ್ಟು ಆಸನಗಳಿವೆಯೆಂದು ಆಗ ಯಾರೂ ಕೇಳಿದವರಲ್ಲ. ಎತ್ತು ನಡೆಯುವ ವೇಗದಲ್ಲಿ ಗಾಡಿ ಮಗುಚಿಕೊಂಡರೂ ಮೈಕೈ ತರಚಬಹುದಿತ್ತೇ ಹೊರತು, ಪ್ರಾಣಕ್ಕೆ ಅಪಾಯ ಬರುವುದು ಅಪರೂಪವಾಗಿತ್ತು. ಈ ಮಾತನ್ನು ನೆನಪಿನಲ್ಲಿಡಬೇಕೆಂದು ಓದುಗರಲ್ಲಿ ಬೇಡುತ್ತೇನೆ. ಎತ್ತಿನ ಗಾಡಿಯಿಂದ ನಾವು ಕಲಿತ ಇಕ್ಕಟ್ಟಿನ ಪ್ರಯಾಣದ ರೂಢಿಯನ್ನು ಮೋಟಾರಿನ ವೇಗಕ್ಕೂ ತಂದುಕೊಂಡೆವು. ಮುಂದಿನ ಕಥೆಯ ಸುಖದುಃಖಗಳೆಲ್ಲ ಅಲ್ಲಿಂದ ಹುಟ್ಟಿದವು.

ನಮ್ಮ ಸೀಮೆಯಲ್ಲಿ ಕಾಲ ಬದಲಾದದ್ದು ಕಾರ್ಖಾನೆಗಳ ಸೈರನ್ನಿನ ಕೂಗಿನಿಂದ. ೧೯೫೩ರಲ್ಲಿ ಎಚ್.ಎಂ.ಟಿ., ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜಾಲಹಳ್ಳಿಯ ಕಡೆ ತಲೆಯೆತ್ತಿದವು. ಸುತ್ತಲ ಹಳ್ಳಿಗಳ ಹುಡುಗರು ನೇಗಿಲನ್ನು ಬಿಟ್ಟು ಸಮವಸ್ತ್ರ ತೊಟ್ಟರು. ಮೊದಲು ಸೈಕಲ್ಲು ಬಂತು; ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮೇಲೆ ಸ್ಕೂಟರು ಬಂತು. ಮುಂದೆ ನಿಂತ ಹಿರಿಯ ಮಗ, ಓಡಿಸುವ ತಂದೆ, ನಡುವೆ ಅಪ್ಪಚ್ಚಿಯಾದ ಮಗಳು, ಹಿಂದೆ ಅಡ್ಡ ಕುಳಿತ ತಾಯಿ, ತಾಯಿಯ ಮಡಿಲಲ್ಲಿ ಕೂಸು: ಈ ಚಿತ್ರವನ್ನು ಕಾಣದವರು ಯಾರಿದ್ದಾರೆ? ಕಾರೆಂದರೆ ಅಂಬಾಸಿಡರ್ ಅಥವಾ ಫಿಯೆಟ್; ಅವು ಡಾಕ್ಟರರಿಗೆ, ವಕೀಲರಿಗೆ, ಸರ್ಕಾರದ ಅಧಿಕಾರಿಗಳಿಗೆ. ಅಗ್ಗದ ಕಾರನ್ನು ಕಟ್ಟುವ ಸಾಹಸವನ್ನು ನಮ್ಮ ಬೆಂಗಳೂರು ತಾನೂ ಮಾಡಿತೆಂಬುದನ್ನು ಇಲ್ಲಿ ನೆನೆಯಬೇಕು. ೧೯೭೦ರ ದಶಕದಲ್ಲಿ ಇಲ್ಲಿ ತಯಾರಾದ ‘ಬಾದಲ್’ ಎಂಬ ಮೂರು ಚಕ್ರದ ಕಾರು, ೧೯೮೦ರ ದಶಕದಲ್ಲಿ ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯ ಮೇಲೆ ಸಿಪಾನಿಯವರು ಮಾಡಿದ ‘ಡಾಲ್ಫಿನ್’, ಎರಡಕ್ಕೂ ಫೈಬರ್ ಗ್ಲಾಸಿನ ಮೈ. ಆದರೆ ಡಾಲ್ಫಿನ್ನಿಗೆ ಇದ್ದುದು ಎರಡೇ ಬಾಗಿಲು. ಮುಂದಿನವರು ಇಳಿದ ಹೊರತು ಹಿಂದಿನವರು ಇಳಿಯುವಂತಿಲ್ಲ. ಅಜ್ಜ ಅಜ್ಜಿಯರಿರುವ ಮನೆಗೆ ಅದು ಒಗ್ಗುವಂತಿರಲಿಲ್ಲ.

ಹಾಗಾದರೆ ಪುಟ್ಟ ಗಾಡಿಯಲ್ಲಿ ದೊಡ್ಡ ಕುಟುಂಬವನ್ನು ಕೂರಿಸುವ ಉಪಾಯವನ್ನು ಮೊದಲು ಕಂಡವರು ಯಾರು? ಅದು ಯುದ್ಧದಲ್ಲಿ ಬಡವಾದ ದೇಶಗಳ ಬುದ್ಧಿ. ೧೯೪೭ರಲ್ಲಿ ಬೆನ್ ಪಾನ್ ಎಂಬ ಡಚ್ ವ್ಯಾಪಾರಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಾರ್ಖಾನೆಗೆ ಹೋಗಿದ್ದವನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಡಬ್ಬಿಯ ಚಿತ್ರ ಬರೆದ. ಮುಂದೆ ಚಾಲಕ, ಹಿಂದೆ ಎಂಜಿನು, ನಡುವೆಲ್ಲ ಜಾಗ. ೧೯೫೦ರಲ್ಲಿ ಆ ಡಬ್ಬಿ ಕಾರ್ಖಾನೆಯಿಂದ ಹೊರಬಂದಿತು. ೧೯೫೬ರಲ್ಲಿ ಇಟಲಿಯ ಫಿಯೆಟ್ ಕಂಪೆನಿ, ದಾಂತೆ ಜಕೋಸ ಎಂಬ ಎಂಜಿನಿಯರನ ಕೈಯಿಂದ, ‘೬೦೦ ಮುಲ್ತಿಪ್ಲಾ’ ಎಂಬ ಗಾಡಿಯನ್ನು ಮಾಡಿಸಿತು. ಮೂರೂವರೆ ಮೀಟರು ಉದ್ದದಲ್ಲಿ ಆರು ಜನ ಕೂರುವ ವಿಚಿತ್ರವದು. ಮೂತಿಯೇ ಇಲ್ಲದ ಆ ಗಾಡಿಯಲ್ಲಿ ಚಾಲಕನು ಹೆಚ್ಚುಕಡಿಮೆ ಮುಂದಿನ ಚಕ್ರದ ಮೇಲೆಯೇ ಕುಳಿತಿರುತ್ತಿದ್ದ.

ಜಪಾನಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿಯ ಸರ್ಕಾರ ಯುದ್ಧಾನಂತರ ‘ಕೇ’ ಎಂಬ ಹಗುರ ವಾಹನಗಳ ವರ್ಗವೊಂದನ್ನು ಏರ್ಪಡಿಸಿತು. ಇಂತಿಷ್ಟೇ ಉದ್ದ, ಇಂತಿಷ್ಟೇ ಎಂಜಿನು. ಆ ಮಿತಿಯೊಳಗಿದ್ದರೆ ತೆರಿಗೆಯಲ್ಲಿ ರಿಯಾಯಿತಿ. ೩೬೦ ಸಿ.ಸಿ. ಇದ್ದ ಎಂಜಿನಿನ ಮಿತಿ ೧೯೭೬ರಲ್ಲಿ ೫೫೦ಕ್ಕೂ, ೧೯೯೦ರಲ್ಲಿ ೬೬೦ಕ್ಕೂ ಏರಿತು. ಉದ್ದಕ್ಕೆ ಕಟ್ಟು ಬಿದ್ದ ಮೇಲೆ ಜಾಗವನ್ನು ಎಲ್ಲಿಂದ ತರುವುದು? ಮೂತಿಯನ್ನು ಕತ್ತರಿಸಿ, ಎಂಜಿನನ್ನು ಮುಂದಿನ ಪೀಠದ ಅಡಿಗೆ ತಳ್ಳಿದರೆ ಹಿಂದೆಲ್ಲ ಜಾಗವಾಯಿತು. ಸುಜುಕಿ ಕಂಪೆನಿ ೧೯೬೧ರಲ್ಲಿ ಹೊರತಂದ ‘ಕ್ಯಾರಿ’ ಎಂಬ ಸಣ್ಣ ಲಾರಿ ಈ ಸಂತತಿಯದು. ಇದೇ ಕ್ಯಾರಿಯ ವಂಶದ ಕುಡಿಯೊಂದು ನಮ್ಮ ಊರಿಗೂ ಬಂದಿತು.

೧೯೮೧ರಲ್ಲಿ ಮಾರುತಿ ಉದ್ಯೋಗ್ ಸ್ಥಾಪನೆಯಾಯಿತು. ೧೯೮೩ರ ಡಿಸೆಂಬರ್ ೧೪ರಂದು ಪ್ರಧಾನಿ ಇಂದಿರಾ ಗಾಂಧಿಯವರು ಮೊದಲನೆಯ ಮಾರುತಿ ೮೦೦ ಕಾರಿನ ಬೀಗದ ಕೈಯನ್ನು ಕೊಂಡವರ ಕೈಗಿತ್ತರು. ಮರುವರ್ಷ, ೧೯೮೪ರಲ್ಲಿ, ಆ ಕಾರಿನದೇ ೭೯೬ ಸಿ.ಸಿ. ಎಂಜಿನನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಾರುತಿ ವ್ಯಾನು ಬಂದಿತು. (ಯಲಹಂಕದಲ್ಲಿ ರೈಲಿನ ಗಾಲಿ ಮತ್ತು ಅಚ್ಚುಗಳ ಕಾರ್ಖಾನೆ ಆರಂಭವಾದದ್ದೂ ಅದೇ ವರ್ಷ. ಗಾಲಿಗಳಿಗೆ ಅದು ಶುಭ ಸಂವತ್ಸರವಾಗಿತ್ತೆಂದು ತೋರುತ್ತದೆ.) ೧೯೮೮ರಲ್ಲಿ ವ್ಯಾನಿಗೆ ‘ಓಮ್ನಿ’ ಎಂಬ ಹೆಸರಾಯಿತು. ‘ಓಮ್ನಿ’ ಎಂದರೆ ಲ್ಯಾಟಿನ್ನಿನಲ್ಲಿ ಎಲ್ಲ, ಸಮಸ್ತ ಎಂಬ ಅರ್ಥ. ಹೆಸರು ಅನ್ವರ್ಥವಾಗಿತ್ತು. ಅದರ ಉದ್ದ ೩ ಮೀಟರು ೩೭ ಸೆಂಟಿಮೀಟರು ಮಾತ್ರ. ಒಳಗೆ ಐದು ಆಸನ, ಇನ್ನೊಂದು ಬಗೆಯಲ್ಲಿ ಎದುರುಬದುರು ಬೆಂಚುಗಳೊಡನೆ ಎಂಟು ಆಸನ. ಪಕ್ಕದ ಬಾಗಿಲು ಜಾರುತ್ತಿದ್ದುದರಿಂದ ಚಿಕ್ಕಪೇಟೆಯ ಗಲ್ಲಿಯಲ್ಲಿಯೂ ನಿಲ್ಲಿಸಿ ಇಳಿಯಬಹುದಿತ್ತು.

ಆ ವ್ಯಾನು ಬೆಂಗಳೂರಿನಲ್ಲಿ ಮಾಡದ ಕೆಲಸವಿಲ್ಲ. ಬೆಳಗಿನ ಜಾವ ಹೂವು, ತರಕಾರಿ, ಎಂಟು ಗಂಟೆಗೆ ಶಾಲೆಯ ಮಕ್ಕಳು, ಮಧ್ಯಾಹ್ನ ಮದುವೆ ಮನೆಯ ಪಾತ್ರೆ ಪಡಗ, ರಾತ್ರಿ ಆಂಬುಲೆನ್ಸು. ೧೯೯೦ರ ದಶಕದಲ್ಲಿ ನಾವೂ ಒಮ್ಮೆ ಬಾಡಿಗೆಗೆ ಒಂದನ್ನು ಗೊತ್ತು ಮಾಡಿಕೊಂಡು ದೊಡ್ಡಬಳ್ಳಾಪುರದ ದಾರಿಯಾಗಿ ಘಾಟಿಗೆ ಹೊರಟೆವು. ಜನ ಹನ್ನೊಂದು, ಜೊತೆಗೆ ಪುಳಿಯೋಗರೆಯ ಬುಟ್ಟಿ. ತಂದೆಯವರು ಚಾಲಕನ ಪಕ್ಕದಲ್ಲಿ ಕುಳಿತು, ಅಡಿಯಿಂದ ಬರುವ ಎಂಜಿನಿನ ಕಾವಿಗೆ ಟವಲು ಮಡಿಸಿ ಹಾಸಿಕೊಂಡಿದ್ದರು. ನಾನು ಹಿಂದೆ, ತಂಗಿಯ ಮಗನನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ದಾರಿಯಲ್ಲಿ ಎಮ್ಮೆಯೊಂದು ಅಡ್ಡ ಬಂತು. ಚಾಲಕನು ಬಿರಿಯನ್ನೊತ್ತಿದ. ಎಮ್ಮೆ ಉಳಿಯಿತು, ನಾವೂ ಉಳಿದೆವು. ಆದರೆ ತಂದೆಯವರ ಮೊಣಕಾಲು ಮುಂದಿನ ತಗಡಿಗೆ ಬಡಿದು, ತಿಂಗಳೊಪ್ಪತ್ತು ಊದಿಕೊಂಡಿತ್ತು. ಅವರ ಮೊಣಕಾಲಿಗೂ ರಸ್ತೆಗೂ ನಡುವೆ ಇದ್ದುದು ಆ ಒಂದು ತಗಡೇ ಎಂಬುದು ನನಗೆ ಹೊಳೆದದ್ದು ಆಗ. ಎಲ್ಲರೂ ನಕ್ಕು ಆ ಮಾತನ್ನು ಅಲ್ಲಿಗೇ ಬಿಟ್ಟರು.

ಮೂತಿಯಿಲ್ಲದ ಗಾಡಿಯಿಂದ ಜಾಗ ದೊರೆಯಿತು, ನಿಜ. ಆದರೆ ಮೂತಿಯೆಂಬುದು ಬರಿಯ ಅಲಂಕಾರವಾಗಿರಲಿಲ್ಲ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟರು ಬೋರ್ಡಿನ ಮೇಲೆ ಲೆಕ್ಕ ಮಾಡಿ ನನಗೆ ತೋರಿಸಿದರು. ಗಂಟೆಗೆ ೬೪ ಕಿಲೋಮೀಟರು ವೇಗದಲ್ಲಿ ಗೋಡೆಗೆ ಬಡಿಯುವುದೆಂದರೆ ಸುಮಾರು ೧೬ ಮೀಟರು ಎತ್ತರದಿಂದ, ಅಂದರೆ ಐದನೆಯ ಮಹಡಿಯಿಂದ, ನೆಲಕ್ಕೆ ಬೀಳುವುದಕ್ಕೆ ಸಮ. ಬೀಳುವವನಿಗೆ ಕೆಳಗೆ ಬಂಡೆಯಿದ್ದರೆ ಒಂದು ಗತಿ, ಹುಲ್ಲಿನ ಮೆದೆಯಿದ್ದರೆ ಇನ್ನೊಂದು ಗತಿ. ಕಾರಿನ ಮೂತಿ ಆ ಹುಲ್ಲಿನ ಮೆದೆಯ ಕೆಲಸ ಮಾಡುತ್ತದೆ. ಅದು ತಾನು ನುಗ್ಗುನುಗ್ಗಾಗಿ ಮಡಿಸಿಕೊಂಡು, ಹೊಡೆತದ ರಭಸವನ್ನು ನುಂಗಿ, ಒಳಗಿನವರಿಗೆ ನಿಲ್ಲಲು ಒಂದಿಷ್ಟು ಹೊತ್ತನ್ನು ಗಳಿಸಿಕೊಡುತ್ತದೆ. ವ್ಯಾನಿನಲ್ಲಿ ಆ ಕೆಲಸವನ್ನು ಮುಂದೆ ಕುಳಿತವರ ಕಾಲುಗಳೇ ಮಾಡಬೇಕಾಗಿತ್ತು. ಮೂವತ್ತೈದು ವರ್ಷ ನಾವು ಅದನ್ನು ನೋಡಿಯೂ ನೋಡದಂತಿದ್ದೆವು. ಭಾರತ ಸರ್ಕಾರವು ಡಿಕ್ಕಿಯ ಪರೀಕ್ಷೆಯನ್ನು ಕಡ್ಡಾಯ ಮಾಡಿ, ೨೦೧೯ರ ಅಕ್ಟೋಬರಿನಿಂದ ಹಳೆಯ ಮಾದರಿಗಳಿಗೂ ಅದನ್ನು ಅನ್ವಯಿಸಲು ಹೊರಟಾಗ ಓಮ್ನಿಗೆ ದಾಟುವ ದಾರಿಯಿರಲಿಲ್ಲ. ೨೦೧೯ರಲ್ಲಿ ಅದರ ತಯಾರಿಕೆ ನಿಂತಿತು.

ಇನ್ನೊಂದು ಎಳೆ ನಮ್ಮನ್ನು ಬೆಂಗಳೂರಿನ ದಕ್ಷಿಣಕ್ಕೆ, ಮೈಸೂರು ರಸ್ತೆಯ ಬಿಡದಿಗೆ ಕರೆದೊಯ್ಯುತ್ತದೆ. ಅದರ ಮೂಲ ಇರುವುದು ಆಗ್ನೇಯ ಏಷ್ಯದಲ್ಲಿ. ೧೯೭೦ರ ದಶಕದಲ್ಲಿ ಟೊಯೊಟಾ ಕಂಪೆನಿ ಆ ದೇಶಗಳಿಗೆಂದೇ ಒಂದು ಸರಳ ವಾಹನವನ್ನು ಯೋಚಿಸಿತು. ದೊಡ್ಡ ಅಚ್ಚುಯಂತ್ರಗಳಿಲ್ಲದ ಕಡೆಯೂ ಕಟ್ಟಬಹುದಾದಂತೆ ಚಪ್ಪಟೆ ತಗಡುಗಳಿಂದಲೇ ಮಾಡಿದ ಮೈ. ಫಿಲಿಪೀನ್ಸಿನಲ್ಲಿ ಅದಕ್ಕೆ ‘ತಮಾರಾವ್’ ಎಂದು ಹೆಸರಿಟ್ಟರು. ಅದು ಆ ನಾಡಿನ ಒಂದು ಕಾಡೆಮ್ಮೆಯ ಹೆಸರು. ಇಂಡೋನೇಷ್ಯದಲ್ಲಿ ೧೯೭೭ರಲ್ಲಿ ಬಂದ ಗಾಡಿಗೆ ‘ಕಿಜಾಂಗ್’, ಎಂದರೆ ಜಿಂಕೆ, ಎಂಬ ಹೆಸರು. ಮೊದಲಿಗೆ ಅದು ಸರಕು ಸಾಗಿಸುವ ಗಾಡಿ. ಜನ ಅದನ್ನು ಕೊಂಡು ಊರಿನ ಬಾಡಿ ಕಟ್ಟುವವರಲ್ಲಿಗೆ ಒಯ್ದು, ಹಿಂದೆ ಆಸನಗಳನ್ನು ಹಾಕಿಸಿ, ಮನೆಮಂದಿಯನ್ನೆಲ್ಲ ತುಂಬಿಕೊಂಡು ಹಬ್ಬಕ್ಕೆ ಊರಿಗೆ ಹೊರಟರು. ಕಂಪೆನಿ ಯೋಚಿಸಿದ್ದು ಸರಕನ್ನು. ಜನ ಅದನ್ನು ಕುಟುಂಬದ ಗಾಡಿ ಮಾಡಿಕೊಂಡರು. ಮುಂದಿನ ಪೀಳಿಗೆಗಳಲ್ಲಿ ಕಂಪೆನಿಯೇ ಜನರ ದಾರಿಗೆ ಬಂದಿತು.

ಆ ಜಿಂಕೆಯ ಮೂರನೆಯ ತಲೆಮಾರು ೨೦೦೦ದ ಜನವರಿಯಲ್ಲಿ ‘ಕ್ವಾಲಿಸ್’ ಎಂಬ ಹೆಸರಿನಿಂದ ಭಾರತಕ್ಕೆ ಬಂದಿತು. ೧೯೯೭ರಲ್ಲಿ ಕಿರ್ಲೋಸ್ಕರ್ ಸಮೂಹವೂ ಟೊಯೊಟಾ ಕಂಪೆನಿಯೂ ಕೂಡಿ ಕಟ್ಟಿದ ಬಿಡದಿಯ ಕಾರ್ಖಾನೆಯ ಚೊಚ್ಚಲ ಕೂಸು ಅದು. ಎಂಟು, ಹತ್ತು ಜನ ಕೂರುವ ಗಾಡಿ. ಗಟ್ಟಿ ಡೀಸೆಲ್ ಎಂಜಿನು. ಹಳೆಯ ಕಾಲದ ರೂಪವೆಂದು ಮೂಗು ಮುರಿದವರು ಕೆಲವರಿದ್ದರು. ಆದರೆ ಧರ್ಮಸ್ಥಳಕ್ಕೆ ಹೋಗುವ ಕುಟುಂಬಗಳೂ, ರಾತ್ರಿ ಪಾಳಿಯ ಹುಡುಗ ಹುಡುಗಿಯರನ್ನು ಮನೆಯಿಂದ ಕಚೇರಿಗೆ ಮುಟ್ಟಿಸುವ ಚಾಲಕರೂ ಅದನ್ನು ಮೆಚ್ಚಿಕೊಂಡರು. ೨೦೦೫ರಲ್ಲಿ ಕ್ವಾಲಿಸ್ ನಿಂತು ಅದರ ಸ್ಥಾನಕ್ಕೆ ‘ಇನ್ನೋವಾ’ ಬಂದಿತು. ಇದು ಇನ್ನೂ ನುಣುಪು, ಇನ್ನೂ ಭದ್ರ, ಬೆಲೆಯೂ ಇನ್ನೂ ಮೇಲೆ. ಗಾಡಿ ಒಳ್ಳೆಯದಾಗುತ್ತ ಹೋದಂತೆ ದಿನಸಿ ಅಂಗಡಿಯವನ ಕೈಗೆ ಎಟುಕದಂತಾಯಿತು. ಇದು ಬಿಡದಿಯ ಕಥೆ ಮಾತ್ರವಲ್ಲ. ಇಂಡೋನೇಷ್ಯದಲ್ಲಿಯೂ ಕಿಜಾಂಗ್ ಬೆಳೆದು ದುಬಾರಿಯಾದಾಗ, ಕೆಳಗೆ ಬಿಟ್ಟ ಜಾಗವನ್ನು ತುಂಬಲು ‘ಅವಾಂಜಾ’ ಎಂಬ ಚಿಕ್ಕ ಏಳಾಸನದ ಗಾಡಿಯನ್ನು ತರಬೇಕಾಯಿತು. ನಮ್ಮಲ್ಲಿ ಆ ಜಾಗಕ್ಕೆ ೨೦೧೨ರ ಏಪ್ರಿಲ್‌ನಲ್ಲಿ ಮಾರುತಿಯ ‘ಎರ್ಟಿಗಾ’ ಬಂದಿತು. ಅದಕ್ಕೆ ಮೂತಿಯೂ ಇತ್ತು, ಮೂರು ಸಾಲು ಆಸನಗಳೂ ಇದ್ದವು.

ಇಲ್ಲಿ ರಾಜ್ಯಶಾಸನದ ಮಾತು ಬರುತ್ತದೆ. ಗಾಡಿಯ ರೂಪವನ್ನು ಶಿಲ್ಪಿಯೊಬ್ಬನೇ ಕಡೆಯುವುದಿಲ್ಲ. ತೆರಿಗೆಯ ಅಳತೆಗೋಲೂ ಕಡೆಯುತ್ತದೆ. ಜಪಾನಿನ ‘ಕೇ’ ನಿಯಮ ವ್ಯಾನಿನ ಮೂತಿಯನ್ನು ಕತ್ತರಿಸಿದ್ದನ್ನು ಆಗಲೇ ಹೇಳಿದೆ. ಸಮುದ್ರದಾಚೆಯ ಸಿಂಗಾಪುರದಲ್ಲಿ ೧೯೯೦ರಿಂದ ಕಾರು ಕೊಳ್ಳುವವರು ಹತ್ತು ವರ್ಷದ ಹಕ್ಕುಪತ್ರವೊಂದನ್ನು ಹರಾಜಿನಲ್ಲಿ ಕೂಗಿ ಪಡೆಯಬೇಕು. ಊರು ಚಿಕ್ಕದು, ರಸ್ತೆ ತುಂಬಬಾರದೆಂಬುದು ಅವರ ಎಣಿಕೆ. ನಮ್ಮಲ್ಲಿ ೨೦೦೬ರ ಕೇಂದ್ರ ಬಜೆಟ್ಟು, ನಾಲ್ಕು ಮೀಟರು ಉದ್ದವನ್ನು ಮೀರದ, ಪೆಟ್ರೋಲಾದರೆ ೧೨೦೦ ಸಿ.ಸಿ., ಡೀಸೆಲಾದರೆ ೧೫೦೦ ಸಿ.ಸಿ. ಒಳಗಿನ ಎಂಜಿನುಳ್ಳ ಕಾರುಗಳ ಅಬಕಾರಿ ಸುಂಕವನ್ನು ಶೇಕಡಾ ೨೪ರಿಂದ ೧೬ಕ್ಕೆ ಇಳಿಸಿತು. ೨೦೨೫ರ ಸೆಪ್ಟೆಂಬರ್ ೨೨ರಿಂದ ಜಾರಿಗೆ ಬಂದ ಜಿ.ಎಸ್.ಟಿ. ದರಗಳಲ್ಲಿಯೂ ಈ ನಾಲ್ಕು ಮೀಟರಿನ ಗೆರೆಯೇ ಉಳಿದಿದೆ: ಒಳಗಿದ್ದರೆ ಶೇಕಡಾ ೧೮, ಹೊರಗಿದ್ದರೆ ಶೇಕಡಾ ೪೦. ಎರ್ಟಿಗಾ ಆ ಗೆರೆಯ ಹೊರಗೆ ನಿಲ್ಲುತ್ತದೆ. ತಲೆಗಳನ್ನು ಎಣಿಸದೆ ಮೀಟರುಗಳನ್ನು ಎಣಿಸುವ ತೆರಿಗೆ ಇದು. ಇಬ್ಬರಿರುವ ಮನೆಯ ಸಣ್ಣ ಕಾರಿಗೆ ರಿಯಾಯಿತಿ ಉಂಟು. ಏಳು ಜನರಿರುವ ಮನೆಯ ಗಾಡಿ ಒಂದು ಗೇಣು ಉದ್ದವಾದರೆ ಅದಕ್ಕಿಲ್ಲ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯನ್ನು ಕಂಪೆನಿಗಳು ಆಗ ಅಕ್ಷರಶಃ ಪಾಲಿಸತೊಡಗಿದವು. ನಾಲ್ಕು ಮೀಟರಿನ ಹಾಸಿಗೆಯಲ್ಲಿ ಏಳು ಜನರ ಕಾಲುಗಳನ್ನು ಮಡಿಸಬೇಕು. ಈ ಸಾಹಸಕ್ಕೆ ಮೊದಲು ಕೈಹಾಕಿದವರಲ್ಲಿ ‘ಡಾಟ್ಸನ್ ಗೋ ಪ್ಲಸ್’ ಒಂದು. ಜಪಾನಿನ ನಿಸ್ಸಾನ್ ಕಂಪೆನಿ ಹೊಸ ಮಾರುಕಟ್ಟೆಗಳಿಗೆಂದೇ ಡಾಟ್ಸನ್ ಎಂಬ ತನ್ನ ಹಳೆಯ ಹೆಸರನ್ನು ಮತ್ತೆ ಎಬ್ಬಿಸಿತ್ತು. ೨೦೧೫ರ ಜನವರಿಯಲ್ಲಿ ಗೋ ಪ್ಲಸ್ ಬಂದಾಗ ಅದರ ಆರಂಭದ ಬೆಲೆ ೩ ಲಕ್ಷದ ೭೯ ಸಾವಿರ ರೂಪಾಯಿ. ಮೂರು ಸಾಲಿನ ಗಾಡಿಯನ್ನು ಆ ಬೆಲೆಗೆ ಕಂಡವರು ಹುಬ್ಬೇರಿಸಿದರು. ಆದರೆ ಅದರ ಒಡಹುಟ್ಟು ‘ಡಾಟ್ಸನ್ ಗೋ’ ಕಾರನ್ನು ೨೦೧೪ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಗಂಟೆಗೆ ೬೪ ಕಿಲೋಮೀಟರು ವೇಗದಲ್ಲಿ ಡಿಕ್ಕಿ ಹೊಡೆಸಿ ಪರೀಕ್ಷಿಸಿತ್ತು. ಐದು ನಕ್ಷತ್ರಗಳಲ್ಲಿ ಹಿರಿಯರ ರಕ್ಷಣೆಗೆ ಅದಕ್ಕೆ ದೊರೆತದ್ದು ಸೊನ್ನೆ. ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಬೇಕೆಂದು ಆ ಸಂಸ್ಥೆಯ ಅಧ್ಯಕ್ಷ ಮ್ಯಾಕ್ಸ್ ಮೋಸ್ಲಿ ಕಂಪೆನಿಯ ಮುಖ್ಯಸ್ಥರಿಗೆ ಬರೆದರು. ಓಮ್ನಿಯ ತಮ್ಮನಂತಿದ್ದ ‘ಈಕೋ’ ವ್ಯಾನಿನ ಆಗಿನ ಮಾದರಿಗೂ ೨೦೧೬ರ ಪರೀಕ್ಷೆಯಲ್ಲಿ ಸೊನ್ನೆಯೇ ಬಂದಿತು. ಅಗ್ಗವೆಂದು ಮುಗ್ಗಿದ ಜೋಳ ಕೊಂಡಂತೆ ಎಂದು ನಮ್ಮವರು ಹೇಳುತ್ತಿದ್ದುದು ಇಂಥದಕ್ಕೇ ಇರಬೇಕು. ಮುಗ್ಗಿದ ಜೋಳ ಮೂಗಿಗೆ ವಾಸನೆಯಾದರೂ ಹೊಡೆಯುತ್ತದೆ. ತಗಡಿನ ದೌರ್ಬಲ್ಯ ಕಣ್ಣಿಗೆ ಕಾಣುವುದಿಲ್ಲ.

ಹಾಗಾದರೆ ಅಗ್ಗವೂ ಆಗಿ, ಚಿಕ್ಕದೂ ಆಗಿ, ಭದ್ರವೂ ಆದ ಮನೆಮಂದಿಯ ಗಾಡಿ ಅಸಾಧ್ಯವೆಂದು ತೀರ್ಮಾನಿಸಬೇಕೆ? ಹಾಗೇನೂ ಇಲ್ಲವೆಂದು ಮುಂದಿನ ಪುಟ ಹೇಳುತ್ತದೆ. ೨೦೧೯ರ ಆಗಸ್ಟ್‌ನಲ್ಲಿ ಫ್ರಾನ್ಸಿನ ರೆನೊ ಕಂಪೆನಿ ‘ಟ್ರೈಬರ್’ ಎಂಬ ಗಾಡಿಯನ್ನು ನಮ್ಮ ದೇಶದಲ್ಲಿ ಬಿಡುಗಡೆ ಮಾಡಿತು. ಅದು ತಯಾರಾಗುವುದು ಚೆನ್ನೈ ಬಳಿಯ ಒರಗಡಂನಲ್ಲಿ. ಉದ್ದ ೩ ಮೀಟರು ೯೯ ಸೆಂಟಿಮೀಟರು. ಗೆರೆಯ ಒಳಗೆ ಒಂದೇ ಸೆಂಟಿಮೀಟರು ಉಳಿಸಿಕೊಂಡಿದೆ! ೯೯೯ ಸಿ.ಸಿ. ಎಂಜಿನು, ಏಳು ಆಸನ, ಆಗಿನ ಆರಂಭದ ಬೆಲೆ ೪ ಲಕ್ಷದ ೯೫ ಸಾವಿರ ರೂಪಾಯಿ. ಎಂಜಿನು ಮೂತಿಯಲ್ಲಿಯೇ ಇದೆ; ಚಾಲಕನ ಅಡಿಯಲ್ಲಿಲ್ಲ. ಜಾಗವನ್ನು ಇನ್ನೊಂದು ಯುಕ್ತಿಯಿಂದ ಗಳಿಸಿದ್ದಾರೆ. ನಡುವಣ ಸಾಲನ್ನು ಹಿಂದೆ ಮುಂದೆ ಸರಿಸಬಹುದು; ಕೊನೆಯ ಸಾಲಿನ ಎರಡು ಆಸನಗಳನ್ನು ಕಳಚಿ ಮನೆಯಲ್ಲಿಟ್ಟು ಬರಬಹುದು. ಜನ ಬಂದಾಗ ಮಣೆ ಹಾಕುವುದು, ಹೋದ ಮೇಲೆ ಗೋಡೆಗೆ ಒರಗಿಸುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲವಷ್ಟೆ. ೨೦೨೧ರಲ್ಲಿ ಅದೇ ಗ್ಲೋಬಲ್ ಎನ್‌ಕ್ಯಾಪ್ ಈ ಗಾಡಿಯನ್ನು ಪರೀಕ್ಷಿಸಿ ಹಿರಿಯರ ರಕ್ಷಣೆಗೆ ನಾಲ್ಕು, ಮಕ್ಕಳ ರಕ್ಷಣೆಗೆ ಮೂರು ನಕ್ಷತ್ರಗಳನ್ನು ಕೊಟ್ಟಿತು. ಡಾಟ್ಸನ್ನಿನ ಸೊನ್ನೆಗೂ ಈ ನಾಲ್ಕಕ್ಕೂ ನಡುವೆ ಕಳೆದದ್ದು ಏಳೇ ವರ್ಷ.

ಈ ಏಳು ವರ್ಷದಲ್ಲಿ ನಡೆದದ್ದೇನು? ಲೋಹದ ಶಾಸ್ತ್ರ ರಾತ್ರೋರಾತ್ರಿ ಬದಲಾಗಲಿಲ್ಲ. ಕೇಳುವವರು ಹುಟ್ಟಿಕೊಂಡರು, ಅಷ್ಟೆ. ಪರೀಕ್ಷೆಯ ಫಲಿತಾಂಶಗಳನ್ನು ಪತ್ರಿಕೆಗಳು ಅಚ್ಚು ಮಾಡಿದವು. ಸರ್ಕಾರ ನಿಯಮ ಮಾಡಿತು. ೨೦೧೯ರ ಜುಲೈಯಿಂದ ಚಾಲಕನ ಗಾಳಿಚೀಲ ಕಡ್ಡಾಯವಾಯಿತು. ೨೦೨೩ರ ಅಕ್ಟೋಬರಿನಿಂದ ನಮ್ಮದೇ ಆದ ‘ಭಾರತ್ ಎನ್‌ಕ್ಯಾಪ್’ ಪರೀಕ್ಷೆ ಆರಂಭವಾಯಿತು. ೨೦೨೫ರ ಜುಲೈಯಲ್ಲಿ ಬಂದ ಟ್ರೈಬರಿನ ಹೊಸ ಮಾದರಿಯಲ್ಲಿ ಆರು ಗಾಳಿಚೀಲಗಳು ಎಲ್ಲ ದರ್ಜೆಗಳಿಗೂ ಸೇರಿದುವು. ಕೊಳ್ಳುವವನು ಮೈಲೇಜನ್ನು ಮಾತ್ರ ಕೇಳುತ್ತಿದ್ದಾಗ ಕಂಪೆನಿ ಮೈಲೇಜನ್ನು ಮಾತ್ರ ಕೊಡುತ್ತಿತ್ತು. ಅವನು ಇನ್ನೊಂದು ಮಾತು ಕೇಳಿದಾಗ ಅದಕ್ಕೂ ಉತ್ತರ ಬಂದಿತು. ಬಡವರ ಗಾಡಿ ದುರ್ಬಲವಾಗಿರಲೇಬೇಕೆಂಬುದು ವಿಧಿನಿಯಮವಲ್ಲ. ಅದು ನಾವು ಬಹಳ ಕಾಲ ಪ್ರಶ್ನಿಸದೆ ಒಪ್ಪಿಕೊಂಡಿದ್ದ ಒಂದು ರೂಢಿ.

ಆದರೂ ಒಂದು ಎಚ್ಚರಿಕೆಯ ಮಾತು ಉಳಿದಿದೆ. ನಾಲ್ಕು ಮೀಟರಿನ ಗಾಡಿಯಲ್ಲಿ ಮೂರನೆಯ ಸಾಲು ಹಿಂಬಾಗಿಲಿಗೆ ಬಹು ಹತ್ತಿರ. ಮೂತಿಯ ಹುಲ್ಲಿನ ಮೆದೆ ಮುಂದೆ ಇದೆ. ಬೆನ್ನ ಹಿಂದೆ ಅಷ್ಟಿಲ್ಲ. ನಕ್ಷತ್ರ ಕೊಡುವ ಪರೀಕ್ಷೆಗಳು ಮುಂದಿನಿಂದಲೂ ಪಕ್ಕದಿಂದಲೂ ಬೀಳುವ ಹೊಡೆತವನ್ನು ಅಳೆಯುತ್ತವೆ; ಹಿಂದಿನಿಂದ ಲಾರಿ ಬಂದು ತಾಗಿದರೆ ಏನಾದೀತೆಂಬುದನ್ನು ಅಳೆಯುವುದಿಲ್ಲ. ಆ ಕೊನೆಯ ಸಾಲಿನಲ್ಲಿ ನಾವು ಯಾರನ್ನು ಕೂರಿಸುತ್ತೇವೆ? ಮಕ್ಕಳನ್ನು. ಅವರ ಕಾಲು ಚಿಕ್ಕದು, ಅವರು ಗೊಣಗುವುದಿಲ್ಲ, ಅವರಿಗೆ ಹಿಂದಿನ ಗಾಜಿನಿಂದ ನೋಡುವುದು ಇಷ್ಟ. ಹುಲ್ಲು ಹಾಸಿದ ಕಮಾನು ಗಾಡಿಯಲ್ಲಿಯೂ ಮಕ್ಕಳು ಹಿಂದೆಯೇ ಕೂರುತ್ತಿದ್ದರು. ಆದರೆ ಆ ಗಾಡಿಯ ಹಿಂದೆ ನಡೆದು ಬರುತ್ತಿದ್ದವನು ಸೋದರಮಾವ. ಈಗಿನ ಹೆದ್ದಾರಿಯಲ್ಲಿ ಹಿಂದೆ ಬರುತ್ತಿರುವುದು ಹದಿನಾರು ಚಕ್ರದ ಲಾರಿ. ಆದ್ದರಿಂದ ಗಾಡಿಯಲ್ಲಿ ಎಷ್ಟು ಆಸನಗಳಿವೆಯೋ ಅಷ್ಟೇ ಜನ ಕೂರಬೇಕು. ಹಿಂದೆ ಕುಳಿತವರೂ ಬೆಲ್ಟು ಕಟ್ಟಿಕೊಳ್ಳಬೇಕು. ಕೂಸನ್ನು ತೊಡೆಯ ಮೇಲೆ ಇಟ್ಟುಕೊಳ್ಳುವ ಬದಲು ಅದಕ್ಕೆಂದೇ ಮಾಡಿದ ಪೀಠದಲ್ಲಿ ಕೂರಿಸಬೇಕು. ತೊಡೆಯ ಮೇಲಿನ ಪ್ರೀತಿ ಡಿಕ್ಕಿಯ ರಭಸವನ್ನು ತಡೆಯಲಾರದು. ಘಾಟಿಯ ದಾರಿಯಲ್ಲಿ ಆ ದಿನ ನನ್ನ ತೊಡೆಯ ಮೇಲಿದ್ದ ಹುಡುಗನನ್ನು ನೆನೆದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ನಮ್ಮ ಶಾಲೆಯ ಬಾಗಿಲಲ್ಲಿ ಬೆಳಗ್ಗೆ ನಿಂತರೆ ಈ ಇತಿಹಾಸವೆಲ್ಲ ಸಾಲಾಗಿ ಬಂದು ನಿಲ್ಲುತ್ತದೆ: ಇನ್ನೂ ಉಳಿದಿರುವ ಒಂದೆರಡು ಹಳೆಯ ವ್ಯಾನುಗಳು, ಎರ್ಟಿಗಾಗಳು, ಇನ್ನೋವಾಗಳು, ಹೊಸ ಟ್ರೈಬರುಗಳು, ಅವುಗಳ ನಡುವೆ ನಾಲ್ವರನ್ನು ಹೊತ್ತ ಸ್ಕೂಟರುಗಳು. ಜಾರುಬಾಗಿಲು ತೆರೆದ ಒಂದು ಹಳೆಯ ವ್ಯಾನಿನಿಂದ ಇಳಿಯುವ ಮಕ್ಕಳನ್ನು ನಾನು ಎಣಿಸುತ್ತೇನೆ. ಹೋದ ವರ್ಷದ ಮೊದಲಲ್ಲಿ ಹದಿಮೂರು ಇದ್ದರು. ಪೋಷಕರ ಸಭೆಯಲ್ಲಿ ಆ ಮಾತನ್ನು ಎತ್ತಿದೆ. ಕೆಲವರು ಮುಖ ತಿರುಗಿಸಿದರು. ಕೆಲವರು, ಹೆಚ್ಚು ಬಾಡಿಗೆ ಕೊಡಲು ಎಲ್ಲಿಂದ ತರೋಣ ಮೇಷ್ಟ್ರೇ, ಎಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಕೊನೆಗೆ ಅದೇ ಬೀದಿಯ ಮನೆಗಳವರು ಕೂಡಿ, ವ್ಯಾನು ಎರಡು ಸಲ ಬಂದು ಹೋಗುವಂತೆ ಗೊತ್ತುಮಾಡಿಕೊಂಡು, ಹೆಚ್ಚಿನ ಪೆಟ್ರೋಲಿನ ಖರ್ಚನ್ನು ಹಂಚಿಕೊಂಡರು. ಈಗ ಒಂದು ಸಲಕ್ಕೆ ಏಳು ಮಕ್ಕಳಿಗಿಂತ ಹೆಚ್ಚು ಇಳಿಯುವುದಿಲ್ಲ.

ಎರಡು ವಾರ ಕಳೆದು ಆ ಹಳೆಯ ವಿದ್ಯಾರ್ಥಿ ಬಂದ. ನಾನು ಯಾವ ಗಾಡಿಯನ್ನೂ ಹೆಸರಿಸಲಿಲ್ಲ. ಕೊಳ್ಳುವ ಶಕ್ತಿ, ಸಾಲದ ಭಾರ ಅವನಿಗೆ ಗೊತ್ತು. “ಎಷ್ಟು ಜನ ಕೂರಬಹುದು ಅಂತ ಕೇಳು, ಎಷ್ಟು ಮೈಲೇಜು ಅಂತಲೂ ಕೇಳು. ಮೂರನೆಯದಾಗಿ, ಪರೀಕ್ಷೆಯಲ್ಲಿ ಎಷ್ಟು ನಕ್ಷತ್ರ ಬಂದಿದೆ ಅಂತ ಕೇಳಪ್ಪ. ಆಮೇಲೆ ನೀನೇ ಹೋಗಿ ಕೊನೆಯ ಸಾಲಿನಲ್ಲಿ ಕೂತು ನೋಡು” ಎಂದೆ. ತಿಂಗಳ ಮೇಲೆ ಅಂಗಡಿಯ ಮುಂದೆ ಸಿಕ್ಕಿದಾಗ ಅವನು ನಗುತ್ತಾ ಹೇಳಿದ: “ನೀವು ಹೇಳಿದ ಹಾಗೇ ಮಾಡಿದೆ ಸಾರ್. ಹಳೇ ವ್ಯಾನಿನ ಹಿಂದಿನ ಬೆಂಚಲ್ಲಿ ಕೂತು ಬೆಲ್ಟು ಹುಡುಕಿದೆ, ಸಿಗಲೇ ಇಲ್ಲ. ಮಕ್ಕಳನ್ನ ಇಲ್ಲಿ ಕೂರಿಸ್ತೀಯಾ ಅಂತ ಅಮ್ಮ ಕೇಳಿದ್ರು. ಅಲ್ಲಿಂದ ಎದ್ದು ಬಂದ್ವಿ. ಇನ್ನೊಂದು ವರ್ಷ ಬಸ್ಸಿನಲ್ಲೇ ಓಡಾಡಿ, ದುಡ್ಡು ಕೂಡಿಸಿ ಹೊಸದೇ ತಗೊಳ್ತೀವಿ.”

ಅವನ ಮಕ್ಕಳಿಬ್ಬರೂ ಈಗ ನಡೆದೇ ಶಾಲೆಗೆ ಬರುತ್ತಿದ್ದಾರೆ.